ಮೂಗೆಂಬ ಬಾಗಿಲು

ಕಳೆದ ಸಂಚಿಕೆಯಲ್ಲಿ ಮಳೆಗಾಲದ ನೆಗಡಿಯನ್ನು ಕುರಿತು ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನೋದಿ ಹಲವರು ಕಾಗದ ಬರೆದಿರುವರು. ಒಬ್ಬರಿಗೆ ಅಮೃತಬಳ್ಳಿಯ ಕಷಾಯದ ಪ್ರಮಾಣ ಬೇಕು. ಇನ್ನೊಬ್ಬರಿಗೆ ‘ಪೀನಸ’ ಶಬ್ದದ ವ್ಯುತ್ಪತ್ತಿ ಬೇಕು. ಅವಕ್ಕೆಲ್ಲ ಮುಂದಿನ ತಿಂಗಳು ಉತ್ತರ ಹೇಳೋಣ. ಆದರೆ ಆ ಕಟ್ಟಿನಲ್ಲಿದ್ದ ಒಂದು ಕಾಗದ ನನ್ನನ್ನು ಎರಡು ರಾತ್ರಿ ನಿದ್ರೆಗೆಡಿಸಿತು. ಬರೆದವರು ಒಬ್ಬ ಗೃಹಿಣಿ. ಒಂದು ವರ್ಷದಿಂದ ಅವರ ಎಡದ ಹೊಳ್ಳೆ ಮಾತ್ರ ಕಟ್ಟಿರುವುದಂತೆ. ಬಲದ್ದಕ್ಕೆ ಏನೂ ಇಲ್ಲ. ಆಗಾಗ ಸೀನಿದಾಗ ವಸ್ತ್ರಕ್ಕೆ ಕೆಂಪು ಹತ್ತುವುದು. ಮೇಲಿನ ದವಡೆಯ ಹಲ್ಲುಗಳು ಜೋಮು ಹಿಡಿದಂತಿರುವುವು. ಕೊನೆಯ ಸಾಲು ಹೀಗಿದ್ದಿತು: “ಮೇಷ್ಟರೇ, ತಾವು ಬಲ್ಲ ಯಾವುದಾದರೊಂದು ನಸ್ಯವನ್ನು ದಯವಿಟ್ಟು ತಿಳಿಸಬೇಕು.”

ಆ ಸಹೋದರಿಗೆ ನಾನು ಸಂಚಿಕೆ ಅಚ್ಚಾಗುವವರೆಗೆ ಕಾಯದೆ ಅಂದೇ ಅಂಚೆಯಲ್ಲಿ ಉತ್ತರ ಕಳುಹಿಸಿದೆನು. ನಸ್ಯವೂ ಬೇಡ, ಕಷಾಯವೂ ಬೇಡ. ಕಿವಿ ಮೂಗು ಗಂಟಲಿನ ವೈದ್ಯರಲ್ಲಿಗೆ ಈ ವಾರವೇ ಹೋಗಿ, ಮೂಗಿನೊಳಗೆ ನಳಿಗೆಯಿಟ್ಟು ನೋಡಿಸಿಕೊಳ್ಳಿ ಎಂದು ಬರೆದೆನು. ಅವರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಒಂದೇ ಹೊಳ್ಳೆ ಕಟ್ಟುವುದಕ್ಕೆ ಬಹುಮಟ್ಟಿಗೆ ಸಾಮಾನ್ಯವಾದ ಕಾರಣಗಳೇ ಇರುವುವು. ಮೂಗಿನ ನಡುಗೋಡೆ ಸೊಟ್ಟಗಿರಬಹುದು, ದುರ್ಮಾಂಸ ಬೆಳೆದಿರಬಹುದು. ಆದರೆ ಇಂತಹ ಮಾತನ್ನೇ ಐದು ವರ್ಷಗಳ ಹಿಂದೆ ನನ್ನ ಒಡಹುಟ್ಟಿದ ತಂಗಿ ನನ್ನೆದುರಿಗೆ ಕುಳಿತು ಆಡಿದಳು. ಆಗ ನಾನು ಕೊಟ್ಟ ಉತ್ತರ ಬೇರೆಯಾಗಿದ್ದಿತು. ಅದನ್ನು ಈ ಸಲ ವಾಚಕರ ಮುಂದಿಡಬೇಕಾಗಿದೆ.

ಅವಳಿಗೆ ಆಗ ೫೧ ವರ್ಷ. ಹಾಸನದ ಕಡೆಯ ಒಂದು ಹಳ್ಳಿಯಲ್ಲಿ ಮನೆ, ತೋಟ, ಅತ್ತೆಮಾವಂದಿರು ಎಲ್ಲವನ್ನೂ ನಡೆಸಿಕೊಂಡು ಹೋಗುವ ಗಟ್ಟಿಗಿತ್ತಿ. ಗೌರಿ ಹಬ್ಬಕ್ಕೆ ತವರಿಗೆ ಬಂದವಳು ಊಟವಾದ ಮೇಲೆ ಎಲೆಯಡಿಕೆಯ ತಟ್ಟೆಯನ್ನು ನನ್ನ ಮುಂದಿಟ್ಟು, “ಅಣ್ಣಯ್ಯ, ಬಲದ ಹೊಳ್ಳೆಯಲ್ಲಿ ಗಾಳಿಯೇ ಆಡದು, ಏನಾದರೂ ಹೇಳು” ಎಂದಳು. ಮನೆಯಲ್ಲಿ ಯಾರಿಗೆ ಏನಾದರೂ ನನ್ನನ್ನು ಕೇಳುವುದು ರೂಢಿ. ಸಂಸ್ಕೃತ ಬಲ್ಲವನಿಗೆ ವೈದ್ಯವೂ ಬಂದೀತೆಂಬ ಭ್ರಾಂತಿ ನಮ್ಮ ಕಡೆ ಇನ್ನೂ ಹೋಗಿಲ್ಲ. ಆ ಭ್ರಾಂತಿ ನನಗೂ ಇದ್ದಿತೆಂಬುದೇ ದುಃಖದ ಸಂಗತಿ. ಅಟ್ಟದಿಂದ ಅಷ್ಟಾಂಗಹೃದಯವನ್ನು ಇಳಿಸಿದೆನು. ನಸ್ಯದ ಪ್ರಕರಣದಲ್ಲಿ ವಾಗ್ಭಟನು ಮೂಗನ್ನು ತಲೆಗೆ ಹೋಗುವ ಬಾಗಿಲಾಗಿ ಕಂಡಿರುವನು. ಅದನ್ನು ತಂಗಿಗೆ ವಿವರಿಸಿ, ಅಂಗಡಿಯಿಂದ ಅಣುತೈಲವನ್ನು ತರಿಸಿಕೊಟ್ಟೆನು. ದೀಪಾವಳಿಯ ಹೊತ್ತಿಗೆ ಸ್ವಲ್ಪ ವಾಸಿ ಎಂದಳು. ನನ್ನ ಮನಸ್ಸಿಗೆ ನೋವಾಗಬಾರದೆಂದು ಹಾಗೆ ಹೇಳಿದ್ದಳೆಂಬುದು ಆಮೇಲೆ ತಿಳಿಯಿತು.

ಸಂಕ್ರಾಂತಿಗೆ ಎಳ್ಳು ಬೀರಲು ಬಂದಾಗ ಅವಳು ಇನ್ನೊಂದು ಮಾತು ಹೇಳಿದಳು. ಬೆಳಗ್ಗೆ ಮುಖಕ್ಕೆ ಅರಿಶಿನ ಹಚ್ಚುವಾಗ ಎಡಗೆನ್ನೆಗೆ ಬೆರಳು ತಾಕಿದ್ದು ತಿಳಿಯುವುದು. ಬಲಗೆನ್ನೆಗೆ ತಾಕಿದ್ದು ತಿಳಿಯದು. “ಆ ಕೆನ್ನೆ ನನ್ನದಲ್ಲವೇನೋ ಎನ್ನುವ ಹಾಗಿದೆ.” ನಾನು ಅದನ್ನು ವಾತವೆಂದೆನು. ತೈಲದ ಹನಿಗಳನ್ನು ಹೆಚ್ಚಿಸಲು ಹೇಳಿದೆನು. ಮರುವರ್ಷದ ಗೌರಿ ಹಬ್ಬ ಇನ್ನೇನು ಬಂತೆನ್ನುವಾಗ ಅವಳ ಮಗನು ನನ್ನನ್ನು ಕೇಳದೆ ಅವಳನ್ನು ಬೆಂಗಳೂರಿಗೆ ಕರೆದೊಯ್ದನು. ಕೇಳದಿದ್ದುದೇ ಒಳ್ಳೆಯದಾಯಿತು.

ನಾನು ಕೈಯಲ್ಲಿ ಹಿಡಿದಿದ್ದ ಶಾಸ್ತ್ರವೇ ನನಗೆ ಎಚ್ಚರಿಕೆ ಹೇಳಿತ್ತೆಂಬುದು ನನ್ನನ್ನು ಇಂದಿಗೂ ಚುಚ್ಚುವುದು. ಸುಶ್ರುತನು ಉತ್ತರತಂತ್ರದಲ್ಲಿ ಮೂಗಿನ ರೋಗಗಳನ್ನು ೩೧ ಎಂದು ಎಣಿಸುವಾಗ ಅವುಗಳಲ್ಲಿ ಏಳನ್ನು ಅರ್ಬುದಗಳೆಂದಿರುವನು. ಅರ್ಬುದವೆಂದರೆ ಗೆಡ್ಡೆ, ಏಡಿಗಂತಿ. ಅದರ ಲಕ್ಷಣವನ್ನು ನಿದಾನಸ್ಥಾನದಲ್ಲಿ ಹೇಳಿರುವನು: ನಿಧಾನವಾಗಿ ಬೆಳೆಯುವುದು, ಬೇರು ದೊಡ್ಡದು, ನೋವು ಅಲ್ಪ, ಕೀವಾಗಿ ಒಡೆಯುವುದಿಲ್ಲ. ಚಿಕಿತ್ಸೆಯಲ್ಲಿ ಸ್ವಲ್ಪ ಉಳಿಸಿಬಿಟ್ಟರೂ ಬೇಗನೆ ಮರಳಿ ಹುಟ್ಟುವುದೆಂದೂ ಎಚ್ಚರಿಸಿರುವನು. ಆ ಪ್ರಕರಣವನ್ನು ನಾನು ಓದದವನಲ್ಲ. ಸಮಾಸಗಳನ್ನು ಬಿಡಿಸುವುದಕ್ಕಾಗಿ ಹುಡುಗರಿಗೆ ಅದರಿಂದ ಉದಾಹರಣೆಗಳನ್ನು ಕೊಟ್ಟವನು. ಸಮಾಸವನ್ನು ಬಿಡಿಸಿದೆನೇ ಹೊರತು ಅದರ ಅರ್ಥವನ್ನು ನನ್ನ ತಂಗಿಯ ಮುಖದಲ್ಲಿ ಕಾಣಲಿಲ್ಲ.

ಬೆಂಗಳೂರಿನ ವೈದ್ಯರು ಸಣ್ಣ ನಳಿಗೆಯೊಂದನ್ನು ಹೊಳ್ಳೆಯಲ್ಲಿ ತೂರಿಸಿ ನೋಡಿ, ಸಾಸಿವೆಯಷ್ಟು ಮಾಂಸವನ್ನು ಚಿವುಟಿ ಪರೀಕ್ಷೆಗೆ ಕಳುಹಿಸಿದರು. ವಾರದ ಮೇಲೆ ಉತ್ತರ ಬಂದಿತು. ರೋಗದ ಹೆಸರು ‘ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ’. ಜೊಲ್ಲಿನ ಗ್ರಂಥಿಯಲ್ಲಿ ಹುಟ್ಟುವ ಅಪರೂಪದ ಅರ್ಬುದ. ಆ ವೇಳೆಗೆ ನಾನೂ ಅಲ್ಲಿಗೆ ಹೋಗಿದ್ದೆನು. “ಜೊಲ್ಲು ಬಾಯಲ್ಲಿ ಅಲ್ಲವೇ ಊರುವುದು? ಮೂಗಿನಲ್ಲಿ ಅದಕ್ಕೇನು ಕೆಲಸ?” ಎಂದು ಕೇಳಿದೆನು. ಶಸ್ತ್ರವೈದ್ಯರು ಚಿಕ್ಕ ವಯಸ್ಸಿನವರು, ಬೇಸರಿಸಲಿಲ್ಲ. “ಕುಳಿತುಕೊಳ್ಳಿ ಮೇಷ್ಟರೇ” ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

ಜೊಲ್ಲಿನ ದೊಡ್ಡ ಗ್ರಂಥಿಗಳು ಮೂರು ಜೊತೆ: ಕಿವಿಯ ಮುಂದೆ ಒಂದು ಜೊತೆ, ಕೆಳದವಡೆಯ ಅಡಿಯಲ್ಲಿ ಒಂದು, ನಾಲಗೆಯ ಕೆಳಗೆ ಒಂದು. ಮಂಗನಬಾವು ಬಂದಾಗ ಊದಿಕೊಳ್ಳುವುದು ಕಿವಿಯ ಮುಂದಿನದು. ಇದು ಎಲ್ಲ ತಾಯಂದಿರಿಗೂ ಗೊತ್ತು. ಇವಲ್ಲದೆ ತುಟಿಯ ಒಳಭಾಗ, ಅಂಗುಳ, ಗಂಟಲು, ಮೂಗು, ಮೂಗಿನ ಅಕ್ಕಪಕ್ಕದ ಮೂಳೆಗಳೊಳಗಿರುವ ಗಾಳಿಗೂಡುಗಳು, ಇವುಗಳ ಒಳಪೊರೆಯಲ್ಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳು ನೂರಾರು ಹರಡಿರುವುವು. ೬೦೦ರಿಂದ ೧೦೦೦ದವರೆಗೆ ಎಂದು ಅಂದಾಜು. ಆ ದಾರಿಗಳನ್ನು ಒದ್ದೆಯಾಗಿಡುವುದೇ ಅವುಗಳ ಕೆಲಸ. ಅವುಗಳಲ್ಲೊಂದು ಕೆಟ್ಟರೆ, ದೊಡ್ಡ ಗ್ರಂಥಿಗೆ ಬರುವ ರೋಗವೇ ಮೂಗಿನ ಆಳದಲ್ಲಿಯೂ ಹುಟ್ಟಬಹುದು. ಕೆನ್ನೆಯಲ್ಲಿ ಗಂಟಾದರೆ ಕನ್ನಡಿಯಲ್ಲಿ ಕಾಣುವುದು. ಮೂಗಿನ ಹಿಂದಿನ ಗೂಡಿನಲ್ಲಾದರೆ ಯಾರಿಗೆ ಕಂಡೀತು?

ಈ ಅರ್ಬುದವನ್ನು ೧೮೫೦ರ ದಶಕದಲ್ಲಿಯೇ ಫ್ರಾನ್ಸಿನ ಕೆಲವರೂ ಜರ್ಮನ್ ಶಸ್ತ್ರವೈದ್ಯನಾದ ಥಿಯೊಡೋರ್ ಬಿಲ್‌ರೋತನೂ ಗುರುತಿಸಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜರಡಿಯಂತೆ ಗುಂಡು ಗುಂಡಾದ ಕಂಡಿಗಳು ಕಾಣುವುವು. ನೋಟಕ್ಕೆ ಕಸೂತಿಯ ಹಾಗೆ ಅಂದವಾಗಿರುವುದು. ಅಂದಕ್ಕೂ ಸ್ವಭಾವಕ್ಕೂ ಸಂಬಂಧವಿಲ್ಲ. ಇದು ಅವಸರಪಡುವ ರೋಗವಲ್ಲ. ವರ್ಷಗಟ್ಟಲೆ ಮೆಲ್ಲಮೆಲ್ಲನೆ ಬೆಳೆಯುವುದು. ಬೆಳೆಯುವಾಗ ಜ್ಞಾನತಂತುಗಳನ್ನು ಹಿಡಿದು ಅವುಗಳ ಉದ್ದಕ್ಕೂ ಸಾಗುವುದು. ಹಳೆಯ ಮನೆಗಳಲ್ಲಿ ಗೆದ್ದಲು ನೆಲದಲ್ಲಿ ಕಾಣಿಸದೆ ಕಂಬ ಹಿಡಿದು ತೊಲೆಗೇರಿ ತೊಲೆಯಿಂದ ಸೂರಿಗೆ ಹೋಗುವುದಿಲ್ಲವೇ, ಹಾಗೆ. ಮೇಲ್ದವಡೆಯ ಹಲ್ಲಿಗೂ ಕೆನ್ನೆಗೂ ಸ್ಪರ್ಶಜ್ಞಾನವನ್ನು ಕೊಡುವ ತಂತು ಮೂಗಿನ ಹಿಂದುಗಡೆಯಿಂದ ಕಪಾಲದ ತಳದ ಒಂದು ಸಣ್ಣ ರಂಧ್ರದಲ್ಲಿ ನುಗ್ಗಿ ಮೆದುಳಿನ ಕಡೆಗೆ ಹೋಗುವುದು. ನನ್ನ ತಂಗಿಗೆ ಅರಿಶಿನದ ಬೆರಳು ತಿಳಿಯದೆಹೋದುದು ಈ ಕಾರಣದಿಂದ. ನಾನು ವಾತವೆಂದುದು ಗೆದ್ದಲಿನ ಸದ್ದು.

ಇದರ ಇನ್ನೆರಡು ದುರ್ಗುಣಗಳನ್ನೂ ಹೇಳಿಬಿಡುತ್ತೇನೆ. ತೆಗೆದು ಹತ್ತು ಹದಿನೈದು ವರ್ಷಗಳಾದ ಮೇಲೂ ಮರಳಿ ಬರಬಲ್ಲುದು. ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಿ ಅಲ್ಲಿಯೂ ಬಹುಕಾಲ ಸುಮ್ಮನಿರಬಲ್ಲುದು. ಗುಳಿಗೆ ಸೂಜಿಮದ್ದುಗಳಿಗೆ ಇದು ಸುಲಭವಾಗಿ ಬಗ್ಗದು. ಬಹುಮಂದಿ ರೋಗಿಗಳಲ್ಲಿ ೬ನೆಯ ಮತ್ತು ೯ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಅಂಟಿಕೊಂಡಿರುವುವೆಂಬುದನ್ನು ಸ್ವೀಡನ್ನಿನ ಗೋಥೆನ್‌ಬರ್ಗಿನ ವಿದ್ವಾಂಸರು ೨೦೦೯ರಲ್ಲಿ ತೋರಿಸಿಕೊಟ್ಟರು. ಆ ಜ್ಞಾನದಿಂದ ರೋಗವನ್ನು ಗುರುತಿಸುವುದಕ್ಕೆ ಸಹಾಯವಾಗಿರುವುದೇ ಹೊರತು, ಅದನ್ನು ಗುಣಪಡಿಸುವ ಮದ್ದು ಕೈಗೆ ಬಂದಿಲ್ಲ. ಆದುದರಿಂದ ಮೊದಲು ಶಸ್ತ್ರ, ಅನಂತರ ಕಿರಣಚಿಕಿತ್ಸೆ, ಇದೇ ದಾರಿ.

ಶಸ್ತ್ರವೆಂದೊಡನೆ ನನ್ನ ತಂಗಿ ಕೇಳಿದುದು ಒಂದೇ ಪ್ರಶ್ನೆ: “ಮುಖವನ್ನು ಕೊಯ್ಯುವರೇ?” ಆ ಭಯ ನಿರಾಧಾರವಲ್ಲ. ಬಹುಕಾಲ ಇದ್ದ ಪದ್ಧತಿ ಅದೇ. ಕಣ್ಣಿನ ಕೆಳಗಿನಿಂದ ಮೂಗಿನ ಪಕ್ಕಕ್ಕೆ, ಅಲ್ಲಿಂದ ಮೇಲ್ದುಟಿಯನ್ನು ಸೀಳಿ, ಕೆನ್ನೆಯನ್ನು ಪುಸ್ತಕದ ರಟ್ಟಿನಂತೆ ಮಗುಚಿ, ಒಳಗಿನ ಮೂಳೆಯನ್ನು ತೆಗೆಯುವರು. ರೋಗ ಕಪಾಲದ ತಳವನ್ನು ಮುಟ್ಟಿದ್ದರೆ ಮೇಲಿನಿಂದ ತಲೆಯೋಡನ್ನೂ ತೆರೆಯುವರು. ಮೇಲಿನಿಂದಲೂ ಮುಂದಿನಿಂದಲೂ ಕೂಡಿ ಮಾಡುವ ಈ ಕ್ರಮವನ್ನು ಅಮೆರಿಕದಲ್ಲಿ ಕೆಚಮ್ ಮೊದಲಾದವರು ೧೯೬೩ರಲ್ಲಿ ವಿವರಿಸಿ ಬರೆದರು. ಅದರಿಂದ ಎಷ್ಟೋ ಜೀವ ಉಳಿದಿದೆ. ಅದನ್ನು ಹಳಿಯುವುದು ನ್ಯಾಯವಲ್ಲ. ಆದರೂ ಅಂತಹ ಗಾಯವನ್ನು ಹೊತ್ತು ಮದುವೆ ಮುಂಜಿಗಳಿಗೆ ಹೋಗಿ ನಾಲ್ವರ ಮುಂದೆ ಕುಳಿತುಕೊಳ್ಳಬೇಕಾದವರ ಮನಸ್ಸನ್ನು ವಾಚಕರು ಊಹಿಸಿಕೊಳ್ಳಬಹುದು.

ಈಗ ಇನ್ನೊಂದು ದಾರಿಯೂ ಇದೆ. ದೇವರು ಮುಖದಲ್ಲಿ ಎರಡು ರಂಧ್ರಗಳನ್ನು ಇಟ್ಟಿರುವನು; ಅವು ನೇರವಾಗಿ ಕಪಾಲದ ತಳಕ್ಕೆ ಒಯ್ಯುವುವು; ಹೊಸ ರಂಧ್ರವನ್ನು ಏಕೆ ಕೊರೆಯಬೇಕು? ಈ ಯೋಚನೆ ಹಳೆಯದು. ಆಸ್ಟ್ರಿಯದ ಇನ್ಸ್‌ಬ್ರುಕ್ಕಿನಲ್ಲಿ ಹರ್ಮನ್ ಶ್ಲೋಫರನು ೧೯೦೭ರಲ್ಲಿ ಮೂಗಿನ ಮಾರ್ಗವಾಗಿ ಮೆದುಳಿನಡಿಯ ಪಿಟ್ಯೂಟರಿ ಗ್ರಂಥಿಯ ಗೆಡ್ಡೆಯನ್ನು ತೆಗೆದನು. ಆದರೆ ಅವನು ಮೂಗನ್ನೇ ಬಿಡಿಸಿ ಪಕ್ಕಕ್ಕೆ ತಿರುಗಿಸಬೇಕಾಯಿತು. ವಿಯೆನ್ನದ ಆಸ್ಕರ್ ಹಿರ್ಷನು ೧೯೧೦ರಲ್ಲಿ ಹೊಳ್ಳೆಯ ಒಳಗಿನಿಂದಲೇ ಅದನ್ನು ಸಾಧಿಸಿದನು. ಅಮೆರಿಕದ ಹಾರ್ವೆ ಕುಷಿಂಗನು ಈ ಮಾರ್ಗದಲ್ಲಿ ಬಹಳ ಮಂದಿಗೆ ಚಿಕಿತ್ಸೆ ಮಾಡಿ ಕಡೆಗೆ ಅದನ್ನು ಕೈಬಿಟ್ಟನು. ಅವನಲ್ಲಿ ಕಲಿತಿದ್ದ ಎಡಿನ್‌ಬರೋವಿನ ನಾರ್ಮನ್ ಡಾಟನು ಮಾತ್ರ ಬಿಡಲಿಲ್ಲ. ಡಾಟನಿಂದ ಪ್ಯಾರಿಸ್ಸಿನ ಗ್ಯೋ ಕಲಿತನು, ಗ್ಯೋವಿನಿಂದ ಮಾಂಟ್ರಿಯಲಿನ ಹಾರ್ಡಿ ಕಲಿತನು. ಗುರು ತೊರೆದುದನ್ನು ಶಿಷ್ಯನು ಕಾಪಾಡಿ ಮುಂದಿನವರಿಗೆ ಒಪ್ಪಿಸಿದ ಇಂತಹ ಪರಂಪರೆಗಳನ್ನು ಕಂಡರೆ ಮೇಷ್ಟರ ಜಾತಿಯವನಾದ ನನಗೆ ಒಂದು ಬಗೆಯ ಹಿಗ್ಗು.

ಕೊರತೆಯಿದ್ದುದು ಬೆಳಕಿಗೆ. ಆಳವಾದ ಕತ್ತಲೆಯ ಗೂಡಿನಲ್ಲಿ ಕೈ ಆಡಿಸುವುದು ಹೇಗೆ? ಫ್ರಾಂಕ್‌ಫರ್ಟಿನ ವೈದ್ಯ ಬೋಟ್ಸಿನಿ ೧೮೦೬ರಲ್ಲಿ ಮೇಣದ ಬತ್ತಿಯ ಬೆಳಕನ್ನು ಕನ್ನಡಿಯಿಂದ ಒಳಕ್ಕೆ ಹಾಯಿಸುವ ಯಂತ್ರವನ್ನು ಪ್ರಕಟಿಸಿದನು. ಅದನ್ನು ಕಂಡು ಕೆಲವರು ನಕ್ಕರು. ಮುಂದೆ ಮೂತ್ರಾಶಯವನ್ನು ನೋಡುವ ನಳಿಗೆಗಳು ಬಂದುವು. ಹಿರ್ಷ್‌ಮನ್ ಎಂಬುವನು ೧೯೦೧ರಲ್ಲಿ ಅಂತಹ ನಳಿಗೆಯೊಂದನ್ನು ತಿದ್ದಿ, ಹಲ್ಲು ಕಿತ್ತ ಕುಳಿಯ ಮೂಲಕ ಕೆನ್ನೆಯ ಗಾಳಿಗೂಡನ್ನು ಇಣಿಕಿ ನೋಡಿದನು. ಆದರೆ ಆ ನಳಿಗೆಗಳಲ್ಲಿ ಚಿಕ್ಕ ಚಿಕ್ಕ ಮಸೂರಗಳ ನಡುವೆ ಉದ್ದುದ್ದ ಗಾಳಿಯ ಜಾಗ. ಹೋದ ಬೆಳಕಿನಲ್ಲಿ ಹಿಂದಿರುಗುತ್ತಿದ್ದುದು ಅತ್ಯಲ್ಪ. ಇಂಗ್ಲೆಂಡಿನ ಹೆರಾಲ್ಡ್ ಹಾಪ್ಕಿನ್ಸ್ ಎಂಬ ಭೌತಶಾಸ್ತ್ರಜ್ಞನು ೧೯೫೯ರಲ್ಲಿ ಇದನ್ನು ತಲೆಕೆಳಗು ಮಾಡಿದನು. ಗಾಳಿಯಿದ್ದ ಕಡೆ ಉದ್ದನೆಯ ಗಾಜಿನ ಕಡ್ಡಿಗಳು, ಗಾಜಿದ್ದ ಕಡೆ ಸಣ್ಣ ಗಾಳಿಯ ಎಡೆ! ಮಾತಿನಲ್ಲಿ ಎಷ್ಟು ಸುಲಭ! ನೋಟ ಹಿಂದೆಂದೂ ಕಾಣದಷ್ಟು ನಿಚ್ಚಳವಾಯಿತು. ಜರ್ಮನಿಯಲ್ಲಿ ಕಾರ್ಲ್ ಸ್ಟೋರ್ಟ್ಸ್ ಅದನ್ನು ತಯಾರಿಸಿ ಮಾರಾಟಕ್ಕೆ ತಂದನು. ಇಂದು ಮೂಗಿಗೆ ಬಳಸುವ ನಳಿಗೆ ೪ ಮಿಲಿಮೀಟರು ದಪ್ಪ, ೧೮ ಸೆಂಟಿಮೀಟರು ಉದ್ದ; ಪೆನ್ಸಿಲಿಗಿಂತ ಸಣ್ಣದು. ತುದಿ ನೇರವಾಗಿರುವುದುಂಟು, ಮೂಲೆಯನ್ನು ತಿರುಗಿ ನೋಡುವಂತೆ ಓರೆಯಾಗಿರುವುದೂ ಉಂಟು. ಆಸ್ಟ್ರಿಯದ ಗ್ರಾಟ್ಸಿನಲ್ಲಿ ಮೆಸ್ಸರ್‌ಕ್ಲಿಂಗರನು ಇಂತಹ ನಳಿಗೆಯಿಂದ ಮೂಗಿನ ಸಿಂಬಳ ಯಾವ ಯಾವ ದಾರಿಯಲ್ಲಿ ಹರಿಯುವುದೆಂದು ವರ್ಷಗಟ್ಟಲೆ ನೋಡಿ ೧೯೭೮ರಲ್ಲಿ ಗ್ರಂಥ ಬರೆದನು. ಸಿಂಬಳದ ವಿಷಯದಲ್ಲಿ ಅಷ್ಟು ಶ್ರದ್ಧೆಯೇ ಎಂದು ನಗಬೇಡಿ. ಇಂದಿನ ಮೂಗಿನ ಶಸ್ತ್ರಚಿಕಿತ್ಸೆಯೆಲ್ಲ ಆ ತಳಹದಿಯ ಮೇಲೆ ನಿಂತಿದೆ.

ಪಿಟ್ಸ್‌ಬರ್ಗಿನಲ್ಲಿ ಜೋ ಮತ್ತು ಕರಾವ್ ಎಂಬಿಬ್ಬರು ೧೯೯೭ರಲ್ಲಿ ಈ ನಳಿಗೆಯಿಂದಲೇ ಪಿಟ್ಯೂಟರಿ ಚಿಕಿತ್ಸೆ ಮಾಡಿದ ೫೦ ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಅದೇ ಊರಿನ ಕಾಸಮ್, ಸ್ನೈಡರ್‌ಮನ್ ಮೊದಲಾದವರು ಕೆಲವು ವರ್ಷಗಳಲ್ಲಿ ಅದನ್ನು ಕಪಾಲದ ತಳದ ಉದ್ದಗಲಕ್ಕೂ ವಿಸ್ತರಿಸಿದರು. ಮೂಗಿನ ವೈದ್ಯನೊಬ್ಬ, ಮೆದುಳಿನ ವೈದ್ಯನೊಬ್ಬ; ಇಬ್ಬರೂ ಒಟ್ಟಿಗೆ ನಿಂತು, ಎರಡು ಹೊಳ್ಳೆಗಳಿಂದ ನಾಲ್ಕು ಕೈಗಳ ಉಪಕರಣಗಳನ್ನು ತೂರಿಸಿ, ಎದುರಿನ ತೆರೆಯ ಮೇಲೆ ನೋಡುತ್ತ ಕೆಲಸಮಾಡುವ ಕ್ರಮ ಹೀಗೆ ಬೇರೂರಿತು.

ಆಗ ಒಂದು ದೊಡ್ಡ ತೊಡಕು ಎದುರಾಯಿತು. ಮೆದುಳು ನೀರಿನಲ್ಲಿ ತೇಲುವ ವಸ್ತು. ಅದರ ಹೊದಿಕೆಗೂ ಮೂಗಿಗೂ ನಡುವಿನ ಗೋಡೆಯಲ್ಲಿ ರಂಧ್ರವಾದರೆ ಆ ನೀರು ಮೂಗಿನಲ್ಲಿ ಸೋರುವುದು, ಮೂಗಿನ ಕೊಳೆ ಮೆದುಳಿಗೇರಿ ಪ್ರಾಣಾಪಾಯವಾಗುವುದು. ತೊಡೆಯ ಕೊಬ್ಬು, ಪೊರೆ ಮೊದಲಾದುವನ್ನು ತಂದು ತೇಪೆ ಹಾಕಿ ನೋಡಿದರು; ದೊಡ್ಡ ರಂಧ್ರಗಳಲ್ಲಿ ಬಹಳ ಸಲ ಸೋರಿಕೆ ನಿಲ್ಲಲಿಲ್ಲ. ಉಪಾಯ ಬಂದುದು ಅರ್ಜೆಂಟೀನದ ರೊಸಾರಿಯೊ ಪಟ್ಟಣದಿಂದ. ಅಲ್ಲಿಯ ಹದಾದ್ ಮತ್ತು ಬಸ್ಸಗಾಸ್ತೆಗಿ ಎಂಬ ವೈದ್ಯರ ಕ್ರಮ ೨೦೦೬ರಲ್ಲಿ ಪ್ರಕಟವಾಯಿತು. ಮೂಗಿನ ನಡುಗೋಡೆಯ ಒಳಪೊರೆಯನ್ನು ಅಗಲವಾಗಿ ಎಬ್ಬಿಸುವುದು. ಆದರೆ ಪೂರ್ತಿ ಬಿಡಿಸದೆ, ಹಿಂದುಗಡೆ ಅದಕ್ಕೆ ರಕ್ತ ತರುವ ನಾಳವಿರುವ ತೊಟ್ಟನ್ನು ಹಾಗೆಯೇ ಉಳಿಸಿಕೊಂಡು, ತಿರುಗಿಸಿ ರಂಧ್ರದ ಮೇಲೆ ಹೊದಿಸುವುದು. ತೊಟ್ಟು ಕಳಚದ ಎಲೆ ಬಾಡದು. ತೇಪೆ ಜೀವಂತವಾಗಿರುವುದರಿಂದ ಬೇಗನೆ ಕೂಡಿಕೊಳ್ಳುವುದು.

ಈ ತೊಟ್ಟಿನ ವಿಷಯವನ್ನು ವೈದ್ಯರು ವಿವರಿಸುತ್ತಿದ್ದಾಗ ನಾನು ಕುರ್ಚಿಯಿಂದ ಅರ್ಧ ಎದ್ದೆನು. ಏಕೆಂದರೆ ಇದು ನಮ್ಮ ನೆಲದಲ್ಲಿ ಹಳೆಯ ವಿದ್ಯೆ. ಕತ್ತರಿಸಿಹೋದ ಮೂಗಿನ ಅಳತೆಗೆ ಎಲೆಯನ್ನು ಕತ್ತರಿಸಿ, ಆ ಪ್ರಮಾಣದಲ್ಲಿ ಕೆನ್ನೆಯಿಂದ ಮಾಂಸವನ್ನು ಅಂಟಿಕೊಂಡಿರುವಂತೆಯೇ ಎಬ್ಬಿಸಿ ಮೂಗಿಗೆ ಕೂಡಿಸುವ ಕ್ರಮವನ್ನೂ, ಉಸಿರಾಡಲು ಎರಡು ನಳಿಗೆಗಳನ್ನು ಇಡಬೇಕೆಂಬುದನ್ನೂ ಸುಶ್ರುತನು ಹೇಳಿರುವನು. ಮುಂದೆ ಹಣೆಯ ಚರ್ಮದಿಂದ ಮಾಡುವ ರೂಢಿ ಬಂದಿತು. ಟಿಪ್ಪೂ ಸುಲ್ತಾನನೊಡನೆ ಇಂಗ್ಲಿಷರಿಗಾದ ಯುದ್ಧದಲ್ಲಿ ಅವರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬವನು ೧೭೯೨ರಲ್ಲಿ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬ ಕಸಬುದಾರನು ಅವನ ಹಣೆಯ ಚರ್ಮವನ್ನು ಹುಬ್ಬುಗಳ ನಡುವೆ ತೊಟ್ಟು ಉಳಿಸಿ ತಿರುಗಿಸಿ ಹೊಸ ಮೂಗು ಕಟ್ಟಿಕೊಟ್ಟ ಸಂಗತಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ೧೭೯೪ರ ಅಕ್ಟೋಬರಿನಲ್ಲಿ ಚಿತ್ರಸಹಿತವಾಗಿ ಅಚ್ಚಾಯಿತು. ಅದನ್ನು ನೋಡಿ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯನು ೧೮೧೪ರಲ್ಲಿ ಲಂಡನ್ನಿನಲ್ಲಿ ಹಾಗೆಯೇ ಮಾಡಿದನು.

ಇಷ್ಟನ್ನು ಕೇಳಿದೊಡನೆ ‘ಎಲ್ಲವೂ ನಮ್ಮಲ್ಲಿ ಮೊದಲೇ ಇದ್ದಿತು’ ಎಂದು ಮೀಸೆ ತಿರುವುವ ಮಹನೀಯರಿರುವರು. ಅವರಲ್ಲಿ ನಾನೂ ಒಬ್ಬನಾಗಿದ್ದೆ. ಅದರ ಬೆಲೆಯನ್ನು ತೆತ್ತವಳು ನನ್ನ ತಂಗಿ. ಸುಶ್ರುತನು ಒಳಗಿನ ರೋಗವನ್ನು ನೋಡುವುದಕ್ಕೆಂದು ನಾಡೀಯಂತ್ರಗಳನ್ನೂ ಹೇಳಿರುವನು, ೨೦ ಬಗೆ. ಅವಕ್ಕೆ ಹಾಪ್ಕಿನ್ಸನ ಗಾಜಿನ ಕಡ್ಡಿ ಇರಲಿಲ್ಲ. ಅದಿಲ್ಲದೆ ಕಪಾಲದ ತಳ ಕಾಣದು. ತೊಟ್ಟು ಉಳಿಸುವ ತತ್ತ್ವ ನಮ್ಮದಾದರೆ, ಅದನ್ನು ಮೆದುಳಿನ ಬಾಗಿಲಿಗೆ ಒಯ್ದ ಕೈ ಅರ್ಜೆಂಟೀನದವರದು.

ಶಸ್ತ್ರದ ಹಿಂದಿನ ದಿನ ವೈದ್ಯರು ನಮ್ಮನ್ನು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಮಾತನಾಡಿದರು. ಎಲ್ಲ ರೋಗಿಗಳಿಗೂ ಈ ಮಾರ್ಗ ಸಲ್ಲದು. ಗೆಡ್ಡೆ ಅಂಗುಳವನ್ನು, ಕೆನ್ನೆಯ ಚರ್ಮವನ್ನು ಅಥವಾ ಕಣ್ಣುಗುಡ್ಡೆಯ ಹಿಂಭಾಗವನ್ನು ಆಕ್ರಮಿಸಿದ್ದರೆ ಹೊರಗಿನಿಂದ ತೆರೆಯಲೇಬೇಕು. ನನ್ನ ತಂಗಿಯದು ಕೆನ್ನೆಯ ಗೂಡಿನ ಹಿಂಗೋಡೆಯಿಂದ ತಂತುವನ್ನು ಹಿಡಿದು ರಂಧ್ರದ ಬಾಯಿಯವರೆಗೆ ಹೋಗಿದ್ದಿತು, ನಳಿಗೆಗೆ ಎಟಕುವುದು. “ಒಳಗೆ ಹೋದ ಮೇಲೆ ಎಟಕದೆಂದು ಕಂಡರೆ?” ಎಂದೆನು. “ಆಗ ಮುಖವನ್ನು ತೆರೆಯುತ್ತೇವೆ. ಅದಕ್ಕೂ ಇವತ್ತೇ ಒಪ್ಪಿಗೆ ಬೇಕು” ಎಂದರು. ನನ್ನ ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ರುಜು ಮಾಡಿದಳು.

ನನಗೆ ಇನ್ನೊಂದು ಸಂದೇಹವಿದ್ದಿತು. ಅರ್ಬುದವನ್ನು ಇಡಿಯಾಗಿ ಬೇರುಸಹಿತ ತೆಗೆಯಬೇಕಲ್ಲವೇ, ಹೊಳ್ಳೆಯ ಇಕ್ಕಟ್ಟಿನಿಂದ ತುಂಡು ತುಂಡಾಗಿ ತೆಗೆದರೆ ಉಳಿಯದೇ? ಹಿಂದೆ ವೈದ್ಯರೂ ಇದೇ ಆಕ್ಷೇಪವನ್ನು ಎತ್ತಿದ್ದರಂತೆ. ಗೂಡಿನ ಬಯಲಿನಲ್ಲಿ ಜೋತಾಡುವ ಭಾಗವನ್ನು ತುಂಡಾಗಿ ತೆಗೆದರೆ ಕೇಡಿಲ್ಲ. ಅದು ಅಂಟಿಕೊಂಡಿರುವ ಬುಡವನ್ನು ಸುತ್ತಲಿನ ಆರೋಗ್ಯವಾದ ಅಂಚಿನೊಡನೆ ತೆಗೆಯಬೇಕು ಎಂಬುದು ಈಗಿನ ಸಿದ್ಧಾಂತ. ಬುಡದ ಸುತ್ತಲೂ ಅಂಚುಗಳಿಂದ ಚೂರು ತೆಗೆದು, ರೋಗಿ ಮೇಜಿನ ಮೇಲಿರುವಾಗಲೇ ಹೆಪ್ಪುಗಟ್ಟಿಸಿ ಪರೀಕ್ಷಿಸಿ, ರೋಗವಿದೆಯೆಂದರೆ ಇನ್ನೂ ಮುಂದಕ್ಕೆ ಹೋಗುವರು. ತಂತುವಿನ ವಿಷಯದಲ್ಲಿ ಮಾತ್ರ ಯಾವ ಅಂಚನ್ನೂ ಪೂರ್ತಿ ನಂಬಲಾಗದು. ಗೆದ್ದಲು ಒಂದು ಮೊಳ ಬಿಟ್ಟು ಮುಂದೆ ಕಾಣಿಸಿಕೊಳ್ಳಬಹುದು. ಕಿರಣಚಿಕಿತ್ಸೆ ಬೇಕೆನ್ನುವುದು ಅದಕ್ಕಾಗಿ.

ಶಸ್ತ್ರಕ್ಕೆ ಎಂಟು ಗಂಟೆ ಹಿಡಿಯಿತು. ಕಪಾಲದ ತಳದಲ್ಲಿ ಎಡಬಲಕ್ಕೆ ಮೆದುಳಿಗೆ ರಕ್ತವೊಯ್ಯುವ ಮಹಾಧಮನಿಗಳಿರುವುವು. ಕೊರೆಯುವ ವಜ್ರದ ಮೊನೆ ಅದಕ್ಕೆ ತಾಗಿದರೆ ಮುಗಿಯಿತು. ಮೂಗು, ಕಣ್ಣು, ಕಿವಿ, ನಾಲಗೆಗಳ ಸಿರೆಗಳು ಕೂಡುವೆಡೆಯನ್ನು ಶೃಂಗಾಟಕವೆಂಬ ಮರ್ಮವಾಗಿ ಎಣಿಸಿ, ಅಲ್ಲಿ ಪೆಟ್ಟಾದರೆ ಸದ್ಯೋಮರಣವೆಂದು ಸುಶ್ರುತನು ಹೇಳಿರುವುದು ಆ ಎಂಟು ಗಂಟೆಯೂ ನನ್ನ ತಲೆಯಲ್ಲಿ ಸುತ್ತುತ್ತಿದ್ದಿತು. ಅವನು ಹೇಳಿದ ಜಾಗವೂ ಇವರು ಹೇಳಿದ ಜಾಗವೂ ಒಂದೆಯೆಂದು ನಾನು ವಾದಿಸಲಾರೆ. ಹೊರಗೆ ಬೆಂಚಿನ ಮೇಲೆ ಕುಳಿತವನ ಭಯ ಒಂದೇ. ಗೆಡ್ಡೆ ಬಲಗಡೆಯಿದ್ದುದರಿಂದ ನಡುಗೋಡೆಯ ಎಡದ ಪೊರೆಯನ್ನು ತೊಟ್ಟಿನೊಡನೆ ತಿರುಗಿಸಿ, ಬಯಲಾದ ಧಮನಿಯ ಮೇಲೂ ಮೆದುಳಿನ ಹೊದಿಕೆಯ ಮೇಲೂ ಹೊದಿಸಿದರು. ಮುಖವನ್ನು ತೆರೆಯಬೇಕಾಗಲಿಲ್ಲ. ಮಾರನೆಯ ದಿನ ಅವಳನ್ನು ನೋಡಿದಾಗ ಮುಖದ ಮೇಲೆ ಒಂದು ಗೀರೂ ಇರಲಿಲ್ಲ.

ಗೀರಿಲ್ಲವೆಂದ ಮಾತ್ರಕ್ಕೆ ಕಷ್ಟವಿಲ್ಲವೆಂದಲ್ಲ. ಪತ್ರಿಕೆಗಳಲ್ಲಿ ಇಂತಹ ಶಸ್ತ್ರಗಳ ಸುದ್ದಿ ಬರುವಾಗ ಈ ಭಾಗವನ್ನು ಬರೆಯುವುದಿಲ್ಲ. ವಾರಗಟ್ಟಲೆ ಮೂಗು ಸೀಟುವಂತಿಲ್ಲ, ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಅನಂತರ ತಿಂಗಳುಗಟ್ಟಲೆ ದಿನಕ್ಕೆ ಹಲವು ಸಲ ಉಪ್ಪುನೀರಿನಿಂದ ಹಕ್ಕಳೆ ತೊಳೆಯಬೇಕು. ಆರೂವರೆ ವಾರ, ವಾರಕ್ಕೆ ಐದು ದಿನದಂತೆ ೩೩ ಸಲ ಕಿರಣಕ್ಕೆ ಹೋದಳು. ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದಾಯಿತು. ಕಣ್ಣು ಮೆದುಳುಗಳಿಗೆ ಕಡಮೆ ತಗಲುವ ಪ್ರೋಟಾನ್ ಕಿರಣವೆಂಬುದೊಂದುಂಟು. ಚೆನ್ನೈಯ ಅಪೋಲೋದಲ್ಲಿ ೨೦೧೯ರಿಂದಲೂ, ಮುಂಬಯಿ ಸಮೀಪದ ಖಾರ್ಘರಿನ ಟಾಟಾ ಕೇಂದ್ರದಲ್ಲಿ ೨೦೨೩ರಿಂದಲೂ ನಡೆಯುತ್ತಿದೆ. ನಮಗೆ ಸಾಧಾರಣ ಕಿರಣ ಸಾಕೆಂದರು, ಒಪ್ಪಿದೆವು.

ತಂತುವನ್ನು ಕತ್ತರಿಸಿದುದರಿಂದ ಬಲಗೆನ್ನೆಯ ಸ್ಪರ್ಶ ಇನ್ನು ಬಾರದು. ಬಲಗಣ್ಣಿನಲ್ಲಿ ನೀರೂರುವುದು ಕಡಮೆ, ಹನಿಮದ್ದು ಹಾಕಿಕೊಳ್ಳುವಳು. ವಾಸನೆ ಬಹುಪಾಲು ಹೋಗಿದೆ. ಮೂಗಿನೊಳಗೆ ಎರಡು ಬದಿಗಿರುವ ಫಣವೆಂಬ ಮರ್ಮಕ್ಕೆ ಪೆಟ್ಟಾದರೆ ಗಂಧಜ್ಞಾನ ಹೋಗುವುದೆಂದು ಓದಿದ್ದೆನು. ಹೋದರೆ ಏನಾಗುವುದೆಂಬುದನ್ನು ಅವಳ ಅಡಿಗೆಮನೆಯಲ್ಲಿ ನೋಡಿದೆನು. ಸಾರಿಗೆ ಒಗ್ಗರಣೆ ಕೊಟ್ಟು, ಇಂಗು ಬಿದ್ದಿತೋ ಇಲ್ಲವೋ ಎಂದು ಸೊಸೆಯನ್ನು ಕೂಗಿ ಕೇಳುವಳು. ಒಲೆಯ ಮೇಲೆ ಹಾಲಿಟ್ಟರೆ ಕಣ್ಣು ತೆಗೆಯದೆ ಅಲ್ಲಿಯೇ ನಿಲ್ಲುವಳು; ಸೀದರೆ ತಿಳಿಯದು. ಅಡಿಗೆ ಅನಿಲ ಸೋರಿದರೂ ತಿಳಿಯದೆಂದು ಮಗನು ಸೋರಿಕೆಗೆ ಕೂಗುವ ಯಂತ್ರವೊಂದನ್ನು ಗೋಡೆಗೆ ಹಾಕಿಸಿರುವನು. “ಹನ್ನೊಂದು ತಿಂಗಳು ಮೊದಲೇ ಬಂದಿದ್ದರೆ ಈ ತಂತು ಉಳಿಯುತ್ತಿದ್ದಿತೇ?” ಎಂದು ನಾನು ವೈದ್ಯರನ್ನು ಒಮ್ಮೆ ಕೇಳಿದೆನು. ಅವರು ನನ್ನ ಮುಖವನ್ನು ನೋಡಿ, “ಮೇಷ್ಟರೇ, ಅದನ್ನು ಯಾರೂ ಹೇಳಲಾರರು” ಎಂದರು. ದಯೆಯ ಮಾತೋ ಸತ್ಯವೋ ನಾನರಿಯೆ.

ಶಸ್ತ್ರವಾಗಿ ನಾಲ್ಕು ವರ್ಷವಾಯಿತು. ಮೊದಲು ಆರು ತಿಂಗಳಿಗೊಮ್ಮೆ, ಈಗ ವರ್ಷಕ್ಕೊಮ್ಮೆ ತಲೆಯ ಚಿತ್ರವನ್ನೂ ಎದೆಯ ಚಿತ್ರವನ್ನೂ ತೆಗೆಯುವರು. ಐದು ವರ್ಷ ಕಳೆದರೆ ಪಾರಾದಂತೆಂಬ ಲೆಕ್ಕ ಈ ರೋಗಕ್ಕೆ ಇಲ್ಲವಾದುದರಿಂದ ಇದು ಜೀವಮಾನದ ಪ್ರಯಾಣ. ಈವರೆಗೆ ಏನೂ ಕಂಡಿಲ್ಲ. ಮುಂದಿನದು ಕಾರ್ತಿಕದಲ್ಲಿ. ನಾನೂ ಜೊತೆಗೆ ಹೋಗುವೆನು.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಆ ಗೃಹಿಣಿಯಿಂದ ಎರಡನೆಯ ಕಾಗದ ಬಂದಿತು. ಗುರುವಾರ ಜಿಲ್ಲಾ ಆಸ್ಪತ್ರೆಗೆ ಹೋಗಲು ನಿಶ್ಚಯಿಸಿರುವರಂತೆ. ಆ ನಳಿಗೆ ಬಹಳ ನೋಯಿಸುವುದೇ ಎಂದು ಅವರ ಯಜಮಾನರು ಕೇಳಿರುವರು. ಇಲ್ಲ. ಮೊದಲು ಮೂಗಿಗೆ ಮರವೆಯ ಮದ್ದನ್ನು ಸಿಂಪಡಿಸುವರು. ಗಂಟಲಿಗೆ ಸ್ವಲ್ಪ ಕಹಿಯಿಳಿಯುವುದು, ಕಣ್ಣಲ್ಲಿ ನೀರು ಬರುವುದು. ನೋಡುವುದು ಕೆಲವೇ ನಿಮಿಷ. ಅಂದೇ ಮನೆಗೆ ಬಂದು ಊಟ ಮಾಡಬಹುದು. ಗಂಟಲಿನ ಮರವೆ ಪೂರ್ತಿ ಇಳಿದ ಮೇಲೆ.